ಹತ್ತೊಂಬತ್ತು ಸಾವಿರ ಚೀಟಿಗಳ ಸಾಲು

೧೯೭೪ನೆಯ ಇಸವಿ ಫೆಬ್ರುವರಿ ೧೨, ಮಂಗಳವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಬೈಲಹೊಂಗಲದ ಪೊಲೀಸ್ ಠಾಣೆಗೆ ಒಂದು ಲಿಖಿತ ಫಿರ್ಯಾದು ಬಂದಿತು. ತಂದವರು ಮುಳುಗಡೆ ಪುನರ್ವಸತಿಯ ವಿಶೇಷಾಧಿಕಾರಿ ತ್ರ್ಯಂಬಕರಾವ. ಅವರ ಹಿಂದೆ, ಇಬ್ಬರು ಜವಾನರ ನಡುವೆ, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡ ಐವತ್ತೈದರ ಪ್ರಾಯದ ಹೆಂಗಸೊಬ್ಬಳು ನಿಂತಿದ್ದಳು.

ಸಬ್‌ಇನ್ಸ್‌ಪೆಕ್ಟರ್ ರಘೋತ್ತಮ ಗಲಗಲಿ ಫಿರ್ಯಾದನ್ನು ಎರಡು ಸಲ ಓದಿದರು. ಸಂಗತಿ ಹೀಗಿತ್ತು. ಮಲಪ್ರಭೆಯ ಹಿನ್ನೀರಿನಲ್ಲಿ ಮೂವತ್ತೊಂದು ಊರುಗಳು ಮುಳುಗಿದ್ದವು. ಊರು ಬಿಟ್ಟ ಮಂದಿ ನಾಲ್ಕು ದಿಕ್ಕಿಗೆ ಚದುರಿದ್ದರಿಂದ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ನಾಲ್ಕು ಚೀಟಿ ಕೇಂದ್ರಗಳನ್ನು ತೆರೆಯಲಾಗಿತ್ತು. ಮನೆ ಕಳೆದುಕೊಂಡವರು ಯಾವ ಕೇಂದ್ರದಲ್ಲಿಯಾದರೂ ಚೀಟಿ ಬರೆಯಿಸಿ ಹೆಬ್ಬೆಟ್ಟು ಒತ್ತಬಹುದು. ಮುಳುಗಿದ ಒಂದು ಮನೆಗೆ ಹೊಸ ಬಡಾವಣೆಯಲ್ಲಿ ಒಂದು ಜಾಗ. ಜಾಗದ ಪತ್ರಗಳನ್ನು ಫೆಬ್ರುವರಿ ೨೩ರ ಶನಿವಾರ ಹಂಚುವುದಿತ್ತು. ಆ ದಿನ ಪತ್ರ ಸಿಗದವರಿಗೆ ಮುಂದೆ ಜಾಗವಿಲ್ಲ. ಏಳನೆಯ ಕ್ರಮಾಂಕದ ಊರಾದ ಹಳೆಗೊಪ್ಪದ ೨೧೨ನೆಯ ಮನೆಗೆ ಯಮನಪ್ಪ ಎಂಬವನ ಹೆಸರಿನಲ್ಲಿ ಆಗಲೇ ಪತ್ರ ತಯಾರಾಗಿತ್ತು. ಈಗ ರಾಚವ್ವ ಎಂಬ ಈ ಹೆಂಗಸು ಅದೇ ಮನೆ ತನ್ನದೆಂದು ಸುಳ್ಳು ಚೀಟಿ ಕೊಟ್ಟು ಸರಕಾರಕ್ಕೆ ಮೋಸ ಮಾಡಲು ಯತ್ನಿಸಿದ್ದಾಳೆ.

"ಇದು ಮೂರನೇ ಪ್ರಕರಣ ಅದ ಈ ತಿಂಗಳದಾಗ," ಎಂದರು ತ್ರ್ಯಂಬಕರಾವ. "ಒಬ್ಬರನ್ನರ ಹಿಡಿದು ಒಳಗ ಹಾಕ್ರಿ. ಉಳಿದವರಿಗೆ ಬುದ್ಧಿ ಬರ್ತದ."

"ಫಿರ್ಯಾದು ತಗೊಂಡೆ. ಮುಂದಿನದು ನನ್ನ ಕೆಲಸ. ನೀವಿನ್ನ ಹೋಗ್ರಿ."

ಕಲಂ ೪೨೦ರ ಅಡಿಯಲ್ಲಿ ಎಫ್.ಐ.ಆರ್. ದಾಖಲಾಯಿತು. ಗುನ್ನೆ ನಂಬರು ೧೭/೭೪. ಹೆಡ್ ಕಾನ್‌ಸ್ಟೇಬಲ್ ಖಾಸಿಮಸಾಬ ರಾಚವ್ವನಿಗೆ ಬೆಂಚು ತೋರಿಸಿದನು. ಅವಳು ಕುಳಿತುಕೊಳ್ಳಲಿಲ್ಲ.

"ಮನಿ ನಿಂದು ಅನ್ನೂದಕ್ಕ ಏನೈತಿ?" ರಘೋತ್ತಮರು ಕೇಳಿದರು.

"ಬಾಗಲಾ ಐತ್ರಿ."

"ಬಾಗಲಾ?"

"ನೀರು ಬರೂಕಿಂತ ಮೊದಲ ಚೌಕಟ್ಟಸಹಿತ ಕಿತ್ತಕೊಂಡು ಬಂದೇನ್ರಿ. ನಮ್ಮ ಅಣ್ಣನ ಕೊಟ್ಟಿಗ್ಯಾಗ ನಿಂದರಿಸೇನಿ. ಮ್ಯಾಲ ಡಾಂಬರಿಲೆ ನಂಬರಾ ಬರದದ್ದು ಹಂಗ ಐತಿ."

"ಗಣತಿಗೆ ಬಂದಾಗ ಎಲ್ಲಿದ್ದಿ?"

"ಮನೋಳ್ಯಾಗ್ರಿ, ಮಗಳ ಬಾಣಂತನಕ್ಕ. ಚೊಚ್ಚಿಲ ಬಾಣಂತನ ತವರಿನ್ಯಾಗ ಆಗಬೇಕು ಖರೆ. ಮುಳುಗೂ ಮನ್ಯಾಗ ತೊಟ್ಟಿಲಾ ಕಟ್ಟಬ್ಯಾಡ ಅಂದ್ರು ಬೀಗರು. ಅದಕ್ಕ ಬೀಗಾ ಜಡದು ನಾನ ಅಲ್ಲಿಗೆ ಹೋಗಿದ್ದೆ. ಐದು ತಿಂಗಳಾ."

"ಯಮನಪ್ಪ ಅಂದ್ರ ಯಾರು?"

"ನಮ್ಮ ಓಣ್ಯಾಗ ಆ ಹೆಸರಿನಾಂವ ಹುಟ್ಟ ಇಲ್ರಿ." ಅವಳು ಮೊದಲ ಸಲ ತಲೆಯೆತ್ತಿ ಅವರ ಮೋರೆ ನೋಡಿದಳು. "ಬಾಗಲಾ ಐತಿ, ನಿಂದರಿಸಾಕ ಜಾಗಾ ಇಲ್ಲ. ಅದರ ಮ್ಯಾಲ ಕಳ್ಳಿ ಅನಿಸಿಕೊಂಡೆ."

ಮಧ್ಯಾಹ್ನ ಮೂರು ಗಂಟೆಗೆ ಪಂಚರ ಸಮಕ್ಷಮ ಬಾಗಿಲಿನ ಪಂಚನಾಮೆ ನಡೆಯಿತು. ಸಾಗವಾನಿ ಚೌಕಟ್ಟು, ಹಿತ್ತಾಳೆಯ ಚಿಲಕ, ಮೇಲ್ಪಟ್ಟಿಯಲ್ಲಿ ಡಾಂಬರಿನ ೭/೨೧೨. ಡಾಂಬರಿನ ಅಂಚಿಗೆ ಒಲೆಯ ಹೊಗೆ ಕೂತಿತ್ತು. ರಘೋತ್ತಮರ ಮನಸ್ಸು ಅದನ್ನು ನಂಬಿತು. ಆದರೆ ಡಾಂಬರನ್ನು ಯಾರಾದರೂ ಬಳಿಯಬಹುದು ಎಂದು ಕೋರ್ಟಿನಲ್ಲಿ ವಕೀಲ ಒಂದೇ ಮಾತಿನಲ್ಲಿ ಅದನ್ನು ತಳ್ಳಿಹಾಕಬಲ್ಲನು. ಯಮನಪ್ಪನ ಚೀಟಿಯನ್ನು ರಾಮದುರ್ಗದಿಂದ ತರಿಸಿ ನೋಡಿದರೆ ಅದರಲ್ಲಿದ್ದದ್ದು ಒಂದು ಹೆಬ್ಬೆಟ್ಟು ಮತ್ತು ನೀರಿನಡಿಯ ವಿಳಾಸ, ಅಷ್ಟೇ.

"ತಪ್ಪು ಒಂದೇ ಇದ್ದರ ಯಾರು ಸುಳ್ಳಂತ ನಾ ಹೇಳಲಿಕ್ಕೆ ಆಗೂದಿಲ್ಲ," ಎಂದರು ಅವರು ಖಾಸಿಮಸಾಬನಿಗೆ. "ಇಂಥಾವು ಹತ್ತಾರು ಇದ್ದರ ಮಾತ್ರ ಅದರ ಹಿಂದ ಒಂದು ಕೈ ಇರ್ತದ. ನಾಲ್ಕೂ ಕೇಂದ್ರದ ಚೀಟಿ ಒಂದ ಸಾಲಿನ್ಯಾಗ ಬರಬೇಕು. ಊರಿನ ಕ್ರಮ, ಅದರೊಳಗ ಮನಿ ಕ್ರಮ. ಆಗ ಒಂದ ನಂಬರಿನ ಎರಡು ಚೀಟಿ ಒಂದರ ಮಗ್ಗಲಕ್ಕ ಒಂದು ತಾವಾಗೇ ಬಂದು ನಿಲ್ತಾವು."

"ಹಳೆಗೊಪ್ಪದ್ದಷ್ಟ ಆರಿಸಿದ್ರ ಸಾಲದೇನ್ರಿ?"

"ಕೈ ಹಳೆಗೊಪ್ಪದಾಗಷ್ಟ ಆಡೇದ ಅಂತ ನಿನಗ ಹೇಳಿದವರು ಯಾರು?"

ಹದಿನಾಲ್ಕರ ಸಂಜೆಯ ಹೊತ್ತಿಗೆ ನಾಲ್ಕು ಊರುಗಳಿಂದ ಗೋಣಿಚೀಲಗಳು ಬಂದಿಳಿದವು. ಎಣಿಸಿದಾಗ ಹತ್ತೊಂಬತ್ತು ಸಾವಿರದ ನೂರಾ ಎಂಟು ಚೀಟಿಗಳು. ಬಂದ ದಿನದ ಸರದಿಯಲ್ಲಿ ದಾರ ಕಟ್ಟಿದ್ದರೇ ಹೊರತು ಊರಿನ ಕ್ರಮವೂ ಇಲ್ಲ, ಮನೆಯ ಕ್ರಮವೂ ಇಲ್ಲ. ಠಾಣೆಯಲ್ಲಿದ್ದ ಮೇಜಿನ ಮೇಲೆ ಒತ್ತೊತ್ತಾಗಿ ಹರಡಿದರೂ ಮುನ್ನೂರಕ್ಕಿಂತ ಹೆಚ್ಚು ಚೀಟಿ ಹಿಡಿಯುತ್ತಿರಲಿಲ್ಲ.

ಹದಿನೈದರ ಬೆಳಿಗ್ಗೆ ಕಾನ್‌ಸ್ಟೇಬಲ್ ಮಹಾಂತಪ್ಪ ಹಿಂದಿನ ಅಂಗಳದಲ್ಲಿ ಜಮಖಾನ ಹಾಸಿ ಚೀಟಿ ಹರಡತೊಡಗಿದನು. ಒಂದು ಸಾವಿರ ದಾಟುವಷ್ಟರಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಎರಡು ಸಾವಿರಕ್ಕೆ ಗಾಳಿ ಬೀಸಿತು. ರಘೋತ್ತಮರು ಬೇಲಿಗೆ ಸಿಕ್ಕ ಚೀಟಿಗಳನ್ನು ತಾವೇ ಬಗ್ಗಿ ಆರಿಸಿದರು. ಅವರ ತಂದೆ ಪೋಥಿ ಓದುವವರು. ಬಿಡಿ ಹಾಳೆಯ ಪೋಥಿಯ ಒಂದು ಎಲೆ ಹೆಚ್ಚುಕಡಿಮೆಯಾದರೂ ಅಂದಿನ ಪಾರಾಯಣ ನಿಲ್ಲುತ್ತಿತ್ತು. ಆದರೆ ಆ ಪೋಥಿಗಳು ಒಂದು ಮಣೆಯ ಮೇಲೆ ಹಿಡಿಯುತ್ತಿದ್ದವು.

"ಇದು ಆಗೂ ಮಾತಲ್ರಿ," ಎಂದ ಮಹಾಂತಪ್ಪ. "ಕಲ್ಯಾಣಮಂಟಪದಷ್ಟು ಮೇಜಾ ಬೇಕು."

ಬಾಗಿಲ ಬಳಿ ಕಿರಿಯ ಕಾನ್‌ಸ್ಟೇಬಲ್ ಉಳವಪ್ಪ ನಿಂತಿದ್ದ. ಹತ್ತಿಯ ಸುಗ್ಗಿಯಾದ್ದರಿಂದ ಅವನಿಗೆ ಆ ವಾರವೆಲ್ಲ ಹತ್ತಿ ಬಿಡಿಸುವ ಜಿನ್ನಿನ ಕಾರಖಾನೆಯ ಬಾಗಿಲಿನಲ್ಲಿ ಬಂದೋಬಸ್ತು. ಕೂದಲಲ್ಲಿ ಇನ್ನೂ ಅರಳೆ ಅಂಟಿಕೊಂಡಿತ್ತು.

"ಸಾಹೇಬ್ರ, ಒಂದು ಮಾತು ಹೇಳಲೇನ್ರಿ? ಜಿನ್ನಿಗೆ ದಿನಾ ಆರನೂರು ಗಾಡಿ ಬರ್ತಾವ್ರಿ, ಒಂದೊಂದಕ್ಕ ಮೊದಲ ನಂಬರಾ ಕೊಟ್ಟಿರ್ತಾರ. ಕಿತ್ತೂರ ಹಾದಿ, ನೇಸರಗಿ ಹಾದಿ, ಸವದತ್ತಿ ಹಾದಿ, ರಾಮದುರ್ಗ ಹಾದಿ. ಒಳಗ ಹಿಡಿಯೂದು ಇಪ್ಪತ್ತ ಗಾಡಿ. ಆದ್ರೂ ನಂಬರಾ ತಪ್ಪೂದಿಲ್ಲ."

"ಹೆಂಗ?"

"ಪ್ರತಿಯೊಂದ ಹಾದ್ಯಾಗ ಗಾಡಿ ಮೊದಲ ತಮ್ಮ ತಮ್ಮೊಳಗ ನಂಬರಿನ ಪ್ರಕಾರ ಸಾಲು ಹಚ್ಚಿರ್ತಾವ್ರಿ. ಬಾಗಲದಾಗ ಅಮೋಘಸಿದ್ದಪ್ಪ ಮುದುಕ ಕುಂತಿರ್ತಾನ. ಅಂವ ಹಿಂದಿನ ಗಾಡಿ ನೋಡೂದ ಇಲ್ಲ. ನಾಕೂ ಹಾದೀವು ಮುಂದಿನ ನಾಕ ಗಾಡಿ ನೋಡ್ತಾನ. ಯಾವದರ ನಂಬರಾ ಸಣ್ಣದೋ ಅದನ್ನ ಒಳಗ ಬಿಡ್ತಾನ. ಆ ಸಾಲಿನ ಮುಂದಿನ ಗಾಡಿ ಸರದು ಬರ್ತೈತಿ. ಮತ್ತ ನಾಕು ನೋಡ್ತಾನ. ಸಾಲು ನೇಸರಗೀತನ ಇದ್ದರೂ ಅವನಿಗೇನ?"

ರಘೋತ್ತಮರು ಮೇಜನ್ನು ನೋಡಿದರು. ಮೇಜು ಚಿಕ್ಕದೆಂದು ಹಿಂದಿನ ಸಂಜೆಯಿಂದ ಕೊರಗಿದ್ದು ವ್ಯರ್ಥವಾಗಿತ್ತು. ಸಾಲು ಎಷ್ಟೇ ಉದ್ದವಿರಲಿ, ಬಾಗಿಲಿನಲ್ಲಿ ನಿಲ್ಲುವುದು ನಾಲ್ಕೇ ಗಾಡಿ. ನಾಲ್ಕು ಚೀಟಿ ಹಿಡಿಯದ ಮೇಜು ಯಾವ ಠಾಣೆಯಲ್ಲಿದೆ?

"ಉಳವಪ್ಪ, ನಿನಗ ಜಿನ್ನಿನ ಡ್ಯೂಟಿ ರದ್ದು. ಕೈ ತೊಳಕೊಂಡು ಬಾ."

ಅಂದೇ ಕೆಲಸ ಶುರುವಾಯಿತು. ಮೊದಲು ಮೇಜಿಗೆ ಹಿಡಿಯುವ ಮುನ್ನೂರು ಚೀಟಿ ಸುರಿಯುವುದು, ಅವನ್ನಷ್ಟೇ ಕ್ರಮಕ್ಕೆ ತರುವುದು, ದಾರ ಕಟ್ಟಿ ಗೋಡೆಗೆ ಇಡುವುದು, ಮತ್ತೆ ಮುನ್ನೂರು. ಶುಕ್ರವಾರ, ಶನಿವಾರ, ರವಿವಾರ ಮೂರು ದಿನಗಳಲ್ಲಿ ಅರವತ್ತುನಾಲ್ಕು ಕಟ್ಟುಗಳು ಗೋಡೆಗುಂಟ ನಿಂತವು. ಪ್ರತಿಯೊಂದು ಕಟ್ಟು ತನ್ನೊಳಗೆ ಸರಿಯಾಗಿತ್ತು. ಒಂದಕ್ಕೊಂದು ಮಾತ್ರ ಸಂಬಂಧವಿರಲಿಲ್ಲ.

ಹದಿನೆಂಟರ ಸೋಮವಾರ ನಾಲ್ವರೂ ಮೇಜಿನ ನಾಲ್ಕು ಬದಿಗೆ ಕುಳಿತರು. ಒಬ್ಬೊಬ್ಬರ ಮುಂದೆ ಒಂದೊಂದು ಕಟ್ಟು, ನಡುವೆ ಒಂದು ಪೆಟ್ಟಿಗೆ. ನಾಲ್ವರೂ ತಮ್ಮ ಮೇಲಿನ ಚೀಟಿಯ ನಂಬರನ್ನು ಕೂಗಬೇಕು. ಎಲ್ಲಕ್ಕಿಂತ ಸಣ್ಣದು ಪೆಟ್ಟಿಗೆಗೆ. ಕೆಳಗಿನ ಚೀಟಿಯನ್ನು ಇಣುಕಿ ನೋಡಬಾರದು. ನಾಲ್ಕು ಕಟ್ಟು ಸೇರಿ ಒಂದು ಕಟ್ಟಾಗುತ್ತಿತ್ತು. ಮಧ್ಯಾಹ್ನ ಮಹಾಂತಪ್ಪ ಅವಸರಕ್ಕೆ ಎರಡು ಚೀಟಿ ಕೂಡಿಸಿ ಎಸೆದ. ಅದನ್ನು ಹುಡುಕಿ ತೆಗೆಯಲು ಒಂದು ತಾಸು ಹೋಯಿತು.

"ಒಂದರ ಬೆನ್ನಿಗೆ ಇನ್ನೊಂದು ಗಾಡಿ ತೂರಿಸಿದೇನಪಾ?" ಎಂದ ಉಳವಪ್ಪ. "ಅಮೋಘಸಿದ್ದಪ್ಪ ಇದ್ದಿದ್ರ ಬಾರಕೋಲಿಲೆ ಮಾತಾಡತಿದ್ದ."

"ನೀ ಸುಮ್ಮನ ನಂಬರಾ ಒದರು. ನಾಕ ದಿನದ ಹಿಂದ ಎತ್ತು ಹೊಡಿಯಾಂವ, ಇವತ್ತ ನಮಗ ಸಾಲಿ ಕಲಸಾಕ ಹತ್ತ್ಯಾನ."

ರಾಚವ್ವನನ್ನು ಒಳಗೆ ಹಾಕಿರಲಿಲ್ಲ; ಅವಳು ದಿನವೂ ಹತ್ತು ಗಂಟೆಗೆ ಹಾಜರಿ ಕೊಡಲು ಬರುತ್ತಿದ್ದಳು. ಹಾಜರಿ ಮುಗಿದ ಮೇಲೂ ಕಟ್ಟೆಯ ಮೇಲೆ ಕುಳಿತು ನಂಬರು ಕೂಗುವುದನ್ನು ಕೇಳುತ್ತಿದ್ದಳು.

ಮೊದಲನೆಯ ಸುತ್ತಿಗೆ ಅರವತ್ತುನಾಲ್ಕು ಹದಿನಾರಾದವು. ಹತ್ತೊಂಬತ್ತರ ಮಂಗಳವಾರ ಹದಿನಾರು ನಾಲ್ಕಾದವು. ಇಪ್ಪತ್ತರ ಬುಧವಾರ ಬೆಳಿಗ್ಗೆ ಏಳಕ್ಕೆ ಕಡೆಯ ಸುತ್ತು. ಈಗ ಒಂದೊಂದು ಕಟ್ಟಿನಲ್ಲಿ ಐದು ಸಾವಿರದ ಹತ್ತಿರ ಚೀಟಿ. ಕಟ್ಟುಗಳು ಮೇಜಿನ ಮೇಲೆ ಕೂಡ್ರಲಿಲ್ಲ, ಕೂಡ್ರಬೇಕಾಗಿಯೂ ಇರಲಿಲ್ಲ. ಅವು ಕುರ್ಚಿಗಳ ಪಕ್ಕದ ಪೆಟ್ಟಿಗೆಗಳಲ್ಲಿದ್ದವು. ಕೈಯಲ್ಲಿ ಮೇಲಿನ ಹಿಡಿಯಷ್ಟು ಮಾತ್ರ.

ಎಂಟೂವರೆಗೆ ಖಾಸಿಮಸಾಬ ಕೂಗಿದ: "ಮೂರು, ನಲವತ್ತೊಂದು."

"ನಂದೂ ಅದರೀ," ಎಂದ ಮಹಾಂತಪ್ಪ. "ಮೂರು, ನಲವತ್ತೊಂದು."

ಎರಡೂ ಚೀಟಿಗಳನ್ನು ರಘೋತ್ತಮರು ಪಕ್ಕಕ್ಕೆ ತೆಗೆದು ಕೆಂಪು ದಾರ ಕಟ್ಟಿದರು. ಹಿಂದಿನ ಸುತ್ತುಗಳಲ್ಲಿ ಇಂಥ ಕೆಲವು ಜೋಡಿ ಸಿಕ್ಕಿದ್ದವು. ಈಗ ಉಳಿದವೆಲ್ಲ ಒಂದರ ಹಿಂದೊಂದು ಎದುರಾದವು. ಹನ್ನೊಂದರ ಸುಮಾರಿಗೆ ಏಳನೆಯ ಊರು ಬಂದಿತು. "ಏಳು, ಇನ್ನೂರ ಹನ್ನೆರಡು," ಎಂದು ಉಳವಪ್ಪ ಕೂಗಿದಾಗ ಕಟ್ಟೆಯ ಮೇಲಿದ್ದ ರಾಚವ್ವ ಎದ್ದು ನಿಂತಳು. ಅದು ಅವಳ ಚೀಟಿ. ಯಮನಪ್ಪನ ಹೆಸರಿನ ರಾಮದುರ್ಗದ ಚೀಟಿ ಎದುರಿನವನ ಕೈಯಲ್ಲಿತ್ತು.

ದೀಪ ಹಚ್ಚುವ ಹೊತ್ತಿಗೆ ಸಾಲು ಮುಗಿಯಿತು. ಕೆಂಪು ದಾರದ ಜೋಡಿಗಳು ಮೂವತ್ತೆಂಟು.

ರಘೋತ್ತಮರು ಅವನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಪ್ರತಿ ಜೋಡಿಯಲ್ಲಿ ಒಂದು ಚೀಟಿ ರಾಮದುರ್ಗ ಕೇಂದ್ರದ್ದು. ಸ್ವೀಕೃತಿಯ ಮುದ್ರೆಗಳು ಹಿಂದಿನ ವರ್ಷದ ಅಕ್ಟೋಬರ್ ೮, ೧೫, ೨೨, ೨೯. ಗೋಡೆಯ ಮೇಲೆ ಹಳೆಯ ಕ್ಯಾಲೆಂಡರು ಇನ್ನೂ ತೂಗುತ್ತಿತ್ತು. ನಾಲ್ಕೂ ಸೋಮವಾರ.

"ರವಿವಾರ ಊರಿಗೆ ಹೋಗಾಂವ," ಎಂದ ಖಾಸಿಮಸಾಬ. "ಹೆಬ್ಬೆಟ್ಟು ಒತ್ತಿಸಿಕೊಂಡು ಸೋಮವಾರ ಬಂದು ಮುದ್ರಿ ಹಾಕಿದಾಂವ."

"ಇನ್ನೊಂದು ನೋಡು. ಮೂವತ್ತೊಂದು ಊರಿನ್ಯಾಗ ಜೋಡಿ ಬಂದದ್ದು ಆರ ಊರಿಂದು. ಮೂರು, ನಾಲ್ಕು, ಏಳು, ಎಂಟು, ಒಂಬತ್ತು, ಹನ್ನೆರಡು. ಆ ಆರೂ ಊರಿನ ಗಣತಿ ಮಾಡಿದವರು ಯಾರು?"

ಉತ್ತರ ಇಪ್ಪತ್ತೊಂದರ ಬೆಳಿಗ್ಗೆ ತ್ರ್ಯಂಬಕರಾವರ ಕಪಾಟಿನಲ್ಲಿ ಸಿಕ್ಕಿತು. ಆ ಆರು ಊರುಗಳ ಗಣತಿ ವಹಿಯ ಕೆಳಗೆ ಒಂದೇ ಸಹಿ: ಬಾಳಕೃಷ್ಣ. ಈಗ ರಾಮದುರ್ಗ ಕೇಂದ್ರದ ಕಾರಕೂನ. ವಹಿಯಲ್ಲಿ ಮೂವತ್ತೆಂಟೂ ಮನೆಗಳ ಮುಂದೆ ಒಂದೇ ಷರಾ ಇತ್ತು: 'ಬೀಗ.'

ತ್ರ್ಯಂಬಕರಾವ ವಹಿಯನ್ನು ತಮ್ಮತ್ತ ಎಳೆದುಕೊಂಡು ಷರಾಗಳ ಮೇಲೆ ಬೆರಳಾಡಿಸಿದರು. "ಆ ಹೆಣ್ಣುಮಗಳ ಮ್ಯಾಲ ನಾ ಫಿರ್ಯಾದು ಬರದೆ," ಎಂದರು. "ಬಾಳಕೃಷ್ಣನ ಊರು ಕಲ್ಲೇರಿ. ಹಳೆಗೊಪ್ಪದ ಮಗ್ಗಲಕ್ಕ, ದಂಡಿ ಮ್ಯಾಲ. ಅದು ಮುಳುಗಿಲ್ಲ."

ಮಧ್ಯಾಹ್ನ ಎರಡಕ್ಕೆ ರಘೋತ್ತಮರೂ ಉಳವಪ್ಪನೂ ಕಲ್ಲೇರಿ ಮುಟ್ಟಿದರು. ಊರು ಮುಳುಗಿರಲಿಲ್ಲ ನಿಜ. ಹಿನ್ನೀರು ಊರಿನ ಕಾಲಬುಡಕ್ಕೆ ಬಂದು ನಿಂತಿತ್ತು. ಕೆಳಗಿನ ಓಣಿಯ ಮಣ್ಣಿನ ಗೋಡೆಗಳೆಲ್ಲ ಸೊಂಟದೆತ್ತರಕ್ಕೆ ನೀರು ಹೀರಿ ಉಪ್ಪು ಕಾರಿದ್ದವು; ಕೆಲವು ಕುಸಿದಿದ್ದವು. ಓಣಿಯ ಆಚೆ, ಮೂರು ಮಾರು ದೂರದಲ್ಲಿ, ಮುಳುಗಡೆಯ ಎಲ್ಲೆಗಲ್ಲು ನೆಟ್ಟಿತ್ತು. ಆ ಕಲ್ಲಿನ ಈಚೆಗೆ ಇದ್ದವರಿಗೆ ಸರಕಾರದ ಲೆಕ್ಕದಲ್ಲಿ ಏನೂ ಆಗಿರಲಿಲ್ಲ.

ಯಮನಪ್ಪ ತಪ್ಪಿಸಿಕೊಳ್ಳಲಿಲ್ಲ. ಒದ್ದೆ ಗೋಡೆಗೆ ಊರುಗೋಲು ಕೊಟ್ಟು ನಿಲ್ಲಿಸುತ್ತಿದ್ದವನು ಹಾಗೆಯೇ ಕೈ ಮುಗಿದ.

"ಈ ಹೆಬ್ಬೆಟ್ಟು ನಿಂದ?"

"ನಂದ್ರಿ. ಬಾಳಣ್ಣ ಒತ್ತಿಸಿಕೊಂಡ್ರು."

"ಏನಂತ ಹೇಳಿದಾ?"

"ನಿಮ್ಮ ಮನೀನೂ ನೀರ ತಿಂದೈತಿ, ಸರಕಾರ ಜಾಗಾ ಕೊಡತೈತಿ ಅಂದ್ರು. ಓದಾಕ ಬರೂದಿಲ್ರಿ ನಮಗ. ನಮ್ಮ ಮನಿಗೆ ನಂಬರ ಹಚ್ಚಿಲ್ಲಲ್ಲ ಅಂದೆ. ಅದು ನಾ ಬರಕೋತೇನಿ ಅಂದ್ರು."

"ಏನರ ಕೊಟ್ಟಿ ಅವನಿಗೆ?"

"ಒಂದು ಕಪ್ಪು ಚಾ ಸೈತ ಕುಡೀಲಿಲ್ರಿ."

ಓಣಿಯುದ್ದಕ್ಕೂ ಅದೇ ಮಾತು. ಉಳವಪ್ಪ ಒಂದೊಂದು ಮನೆ ಎಣಿಸುತ್ತ, ಚೀಟಿಯ ಹೆಸರಿಗೆ ಗುರುತು ಹಾಕುತ್ತ ನಡೆದ. ಓಣಿಯ ಕೊನೆಯಲ್ಲಿ ಅವನು ನಿಂತ. "ಸಾಹೇಬ್ರ, ಹೆಸರಾ ಮುಗದೂವು. ಮನಿ ಒಂದ ಉಳೀತು."

ಆ ಮನೆಯ ಅರ್ಧ ಮಾಳಿಗೆ ಕೆಳಗಿತ್ತು. ಉಳಿದರ್ಧದಲ್ಲಿ ತುಳಸಿಯ ಡಬ್ಬಿ, ಗೂಟಕ್ಕೆ ಮಡಿ ಸೀರೆ. ಕೆಂಪು ಸೀರೆಯುಟ್ಟ ಮುದುಕಿಯೊಬ್ಬಳು ತಂಬಿಗೆಯಲ್ಲಿ ನೀರು, ಬೆಲ್ಲದ ಚೂರು ತಂದಿಟ್ಟಳು. ಹೆಸರು ಮಥುರಾಬಾಯಿ.

"ನಿಮ್ಮ ಹೆಸರಿನ ಚೀಟಿ ಇಲ್ಲಲ್ಲ ತಾಯಿ?"

"ಇಲ್ಲಪ್ಪಾ. ನಮ್ಮ ಬಾಳು ಬ್ಯಾಡಂದ."

"ಯಾಕ?"

"ಓಣ್ಯಾಗಿನವರಿಗೆಲ್ಲಾ ಬರದಿ, ನನಗ ಯಾಕ ಬರೀವಲ್ಲಿ ಅಂತ ಕೇಳಿದೆ. ನಮ್ಮ ಮನಿಗೆ ಬರಕೊಂಡ್ರ ಅದು ಕಳವು ಆಗ್ತದವ್ವಾ ಅಂದ." ಅವಳು ತಂಬಿಗೆಯನ್ನು ಅವರತ್ತ ಸರಿಸಿದಳು. "ನೀರು ಕುಡೀರಿ. ಬಿಸಲಾಗ ಬಂದೀರಿ."

ರಘೋತ್ತಮರು ನೀರು ಕುಡಿದರು. ಅವಳ ಮಗನ ಮಾತು ಎತ್ತದೆ, ತಂಬಿಗೆಯನ್ನು ಕೆಳಗಿಟ್ಟು ಎದ್ದರು.

ಇಪ್ಪತ್ತೆರಡರ ಶುಕ್ರವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ರಾಮದುರ್ಗದ ಕೇಂದ್ರದಲ್ಲಿ ಬಾಳಕೃಷ್ಣನನ್ನು ಬಂಧಿಸಲಾಯಿತು. ಮೂವತ್ತರ ಸುಮಾರಿನ, ತೆಳ್ಳಗಿನ ಮನುಷ್ಯ. ಮೇಜಿನ ಮೇಲೆ ಕೆಂಪು ದಾರದ ಜೋಡಿಗಳನ್ನಿಟ್ಟಾಗ ಅವನು ಅವನ್ನಲ್ಲ, ದಾರವನ್ನು ನೋಡಿದನು.

"ಹತ್ತೊಂಬತ್ತು ಸಾವಿರ ಚೀಟಿ," ಎಂದ. "ನಾಲ್ಕು ಊರಿನವು. ಯಾರೂ ಕೂಡಿಸಿ ನೋಡಂಗಿಲ್ಲ ಅಂತ ತಿಳಿದಿದ್ದೆ."

"ಹರಡಲಿಕ್ಕೆ ಜಾಗ ಇಲ್ಲಂತ ನಾವೂ ತಿಳಿದಿದ್ದಿವಿ. ಯಾಕ ಮಾಡಿದಿರಿ?"

"ಎಲ್ಲೆಗಲ್ಲು ನೆಡೂ ದಿನಾ ಅಳತಿ ಸರಪಳಿ ಹಿಡಿದಾಂವ ನಾನ. ಅದರ ತುದಿ ನನ್ನ ಕೈಯಾಗಿತ್ತು. ನಮ್ಮ ಓಣಿ ಮೂರು ಮಾರು ಹೊರಗ ಉಳೀತು. ಸರಿ ಅಳತಿ ಮಾಡಿದ್ದೆ ಸಾಹೇಬರ, ಒಂದು ಗೇಣೂ ಹೆಚ್ಚುಕಡಿಮಿ ಇಲ್ಲ. ಮುಂದ ಎರಡು ಮಳಗಾಲ ಗ್ವಾಡಿ ಬೀಳೂದು ನೋಡಿದೆ. ಅರ್ಜಿ ಬರದೆ. ಕಲ್ಲಿನ ಒಳಗ ಇಲ್ಲ ಅಂತ ವಾಪಸ್ ಬಂದೂವು."

"ಮಂದಿ ಮನಿ ನಂಬರಾ ತಗೊಂಡ್ರಿ."

"ಬೀಗ ಹಾಕಿದ್ದವಷ್ಟ ತಗೊಂಡೆ. ದೇಶ ಬಿಟ್ಟು ಹೋದವರು, ತಿರುಗಿ ಬರಂಗಿಲ್ಲ ಅಂತ..."

"ರಾಚವ್ವನ ಬೀಗ ಬಾಣಂತನದ್ದು," ಎಂದರು ರಘೋತ್ತಮರು. "ಐದು ತಿಂಗಳದ್ದು. ಈ ಹತ್ತು ದಿನಾ ಆಕಿ ಆರೋಪಿ ಅಂತ ಠಾಣೆಗೆ ಹಾಜರಿ ಕೊಟ್ಟಾಳ."

ಬಾಳಕೃಷ್ಣ ತಲೆ ತಗ್ಗಿಸಿ ಹೇಳಿಕೆಗೆ ಸಹಿ ಹಾಕಿದನು.

ಇಪ್ಪತ್ತಮೂರರ ಶನಿವಾರ ಹಂಚಿಕೆ ನಡೆಯಿತು. ಚೀಟಿಗಳು ಊರಿನ ಕ್ರಮದಲ್ಲಿ, ಮನೆಯ ಕ್ರಮದಲ್ಲಿ ಇದ್ದುದರಿಂದ ಹೆಸರು ಕೂಗುವುದಷ್ಟೇ ಕೆಲಸವಾಯಿತು. ನಾಲ್ಕು ದಿನದ್ದು ಒಂದೇ ದಿನಕ್ಕೆ ಮುಗಿಯಿತೆಂದು ಕಾರಕೂನರು ಆಡಿಕೊಂಡರು. ೭/೨೧೨ರ ಸರದಿ ಬಂದಾಗ ತ್ರ್ಯಂಬಕರಾವ ಎದ್ದು ನಿಂತು ಪತ್ರ ಕೊಟ್ಟರು. "ತಪ್ಪಾತವ್ವಾ," ಎಂದರು.

"ಬಾಗಲಾ ಹೇರಾಕ ಒಂದು ಗಾಡಿ ಕೊಡಸ್ರಿ. ಅಲ್ಲಿಗೆ ತಪ್ಪು ಮುಗೀತು," ಎಂದಳು ರಾಚವ್ವ. ಗಾಡಿ ಉಳವಪ್ಪ ತಂದ. ಹೊಡೆದುಕೊಂಡು ಬಂದವನು ಅಮೋಘಸಿದ್ದಪ್ಪನ ಮಗ.

ಅದೇ ಸಂಜೆ ರಘೋತ್ತಮರು ಗುನ್ನೆ ನಂಬರು ೧೭/೭೪ರ ವರದಿ ಬರೆದರು. ರಾಚವ್ವನ ಮೇಲಿನ ಆರೋಪಕ್ಕೆ ಆಧಾರವಿಲ್ಲ. ಬಾಳಕೃಷ್ಣನ ಮೇಲೆ ಖೋಟಾ ದಸ್ತೈವಜು ಮತ್ತು ಮೋಸದ ಕಲಮುಗಳು. ಆರೋಪಿಯು ಸ್ವಂತಕ್ಕೆ ಏನನ್ನೂ ಪಡೆದಿಲ್ಲವೆಂಬುದು ತನಿಖೆಯಲ್ಲಿ ಕಂಡುಬಂದಿದೆ ಎಂಬ ವಾಕ್ಯವನ್ನು ಅವರು ಹಾಕಿ, ಹೊಡೆದು, ಮತ್ತೆ ಹಾಕಿದರು. ಕಡೆಗೆ ಕಲ್ಲೇರಿಯ ಕೆಳಗಿನ ಓಣಿಯ ಪಂಚನಾಮೆಯನ್ನು ಲಗತ್ತಿಸಿ, ಎಲ್ಲೆಗಲ್ಲಿನ ಹೊರಗಿದ್ದರೂ ಈ ಮನೆಗಳನ್ನು ತಜ್ಞರು ಖುದ್ದಾಗಿ ನೋಡಬೇಕೆಂದು ಕಾಣಿಸಿದರು. ತ್ರ್ಯಂಬಕರಾವ ಅದರ ಕೆಳಗೆ ತಮ್ಮ ಶಿಫಾರಸು ಬರೆದು, ಮಾರ್ಚಿ ೪ರಂದು ತಾವೇ ಕಲ್ಲೇರಿಗೆ ಬರುವುದಾಗಿ ದಿನಾಂಕ ಹಾಕಿದರು.

ಲಗತ್ತಿಸಬೇಕಾದ ಓಣಿಯ ಮನೆಗಳ ಯಾದಿಯನ್ನು ಖಾಸಿಮಸಾಬ ಶುದ್ಧಪ್ರತಿ ಮಾಡುತ್ತಿದ್ದ. ಮಾಡುತ್ತ ನಿಲ್ಲಿಸಿದ.

"ಸಾಹೇಬ್ರ, ಚೀಟಿ ಮೂವತ್ತೆಂಟ ಅದಾವು. ಇಲ್ಲಿ ಮೂವತ್ತೊಂಬತ್ತು ಹೆಸರಾ ಬರದೀರಿ."

"ಪಂಚನಾಮೆದಾಗ ಮನಿ ಎಷ್ಟು ಅದಾವು?"

"ಮೂವತ್ತೊಂಬತ್ತರಿ."

"ಹಂಗಾರ ಬರಿ," ಎಂದರು ರಘೋತ್ತಮರು. "ಮಥುರಾಬಾಯಿ. ಓಣಿಯ ಕೊನೆಯ ಮನೆ."